ಕುಂದು ಹುಡುಕುವವನು ಬೇಕಾಗಿದ್ದಾನೆ

ನನ್ನ ಕೋಣೆಗೆ ಬಣ್ಣ ಹಚ್ಚಲು ಆಳುಗಳು ಬಂದ ದಿನ ನಾನು ಸ್ವಂತ ಮನೆ ಕೊಳ್ಳಬೇಕೆಂದು ನಿಶ್ಚಯ ಮಾಡಿದೆ. ಅದು ಕುಲಗೋಡದ ಅಣ್ಣನ ಮನೆ. ಗಂಡನನ್ನು ಬಿಟ್ಟು ಬಂದ ಮೇಲೆ ದನದ ಕೊಟ್ಟಿಗೆಯ ಪಕ್ಕದ ಆ ಕೋಣೆಯಲ್ಲೇ ನನ್ನ ಅರ್ಧ ಆಯುಷ್ಯ ಕಳೆದಿತ್ತು. ದಿನಾ ಬೆಳಿಗ್ಗೆ ಬಸ್ಸು ಹತ್ತಿ ಗೋಕಾಕಕ್ಕೆ ಹೋಗಿ ಶಾಲೆಯಲ್ಲಿ ಹಿಂದಿ ಕಲಿಸಿ ಸಂಜೆ ಮರಳುತ್ತಿದ್ದೆ. ಈಗ ಅಣ್ಣನ ಮಗನ ಮದುವೆ ಗೊತ್ತಾಗಿತ್ತು. ಹೊಸ ಜೋಡಿಗೆ ಒಂದು ಕೋಣೆ ಬೇಕು. ಅದು ಯಾವ ಕೋಣೆ ಎಂದು ನಮ್ಮ ಮನೆಯ ಎಮ್ಮೆಗೂ ತಿಳಿದಿತ್ತು, ಆದರೆ ಮನುಷ್ಯರು ಯಾರೂ ಬಾಯಿ ಬಿಡಲಿಲ್ಲ. ಅಣ್ಣ ಕೆಮ್ಮಿದ. ವೈನಿ, ಅಂದರೆ ಅಣ್ಣನ ಹೆಂಡತಿ, ಸೆರಗಿನ ಅಂಚು ತಿರುವುತ್ತ, "ಗ್ವಾಡಿ ಭಾಳ ಹೊಲಸಾಗ್ಯಾವ ಅಂತ ಬಣ್ಣಾ ಹಚ್ಚಸಾಕತ್ತೇವಿ, ಮತ್ತೇನಿಲ್ಲಬೇ" ಎಂದಳು. ಗೋಡೆ ಹೊಲಸಾಗಿ ಯಾವ ಕಾಲವಾಯಿತು! ಅದೂ ಗುಲಾಬಿ ಬಣ್ಣ. ಐವತ್ತು ದಾಟಿದ ಹಿಂದಿ ಟೀಚರಿಗೆ ಯಾವ ಅಣ್ಣ ಗುಲಾಬಿ ಬಣ್ಣ ಹಚ್ಚಿಸುತ್ತಾನೆ?

ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳವಾಡಿ ಹೊರಬೀಳಬಹುದಿತ್ತು, ಸುಲಭವಾಗುತ್ತಿತ್ತು. ನಾನು ಹೇಳದಿದ್ದರೆ ಅವರು ನನ್ನ ಹಾಸಿಗೆಯನ್ನು ಮೆಲ್ಲನೆ ಪಡಸಾಲೆಗೆ ತಂದು ಹಾಸಿ, ದಿನಾ ನನ್ನ ಮುಖ ನೋಡಿ ಕೆಮ್ಮುತ್ತಲೇ ಇರುತ್ತಿದ್ದರು. ತವರಲ್ಲಿ ಹುಟ್ಟಿದಾಗ ಹೋಗುವವಳು ಎಂದರು, ಗಂಡನ ಮನೆಯಲ್ಲಿ ಬಂದವಳು ಎಂದರು, ಅಣ್ಣನ ಮನೆಯಲ್ಲಿ ಇರುವವಳು ಎಂದರು. ಒಂದು ಮನೆಯೂ ನನ್ನದು ಎಂದು ಯಾರೂ ಅನ್ನಲಿಲ್ಲ. ಸಾಯುವುದರೊಳಗೆ ಒಂದು ಹೊಸ್ತಿಲ ಮೇಲೆ ನಿಂತು "ಇದು ನಂದು" ಅನ್ನಬೇಕು ಎನ್ನುವ ಹಟ ಆವತ್ತು ತಲೆಗೆ ಹತ್ತಿತು. ಇದ್ದ ಉಳಿತಾಯವೆಲ್ಲ ಅದಕ್ಕೇ ಹೋಗಬೇಕು, ಮೇಲೆ ಸಾಲವೂ ಬೇಕು. ಮೋಸ ಹೋದರೆ ಎರಡನೇ ಮನೆ ಕೊಳ್ಳಲು ನನ್ನಲ್ಲಿ ರೊಕ್ಕವೂ ಇರಲಿಲ್ಲ, ವಯಸ್ಸೂ ಇರಲಿಲ್ಲ.

ಮನೆ ಬೇಗ ಸಿಕ್ಕಿತು. ಗೋಕಾಕದಲ್ಲಿ, ಶಾಲೆಗೆ ನಡೆದು ಹೋಗುವಷ್ಟು ದೂರದ ಓಣಿಯಲ್ಲಿ, ಕಲ್ಲಿನ ಗೋಡೆಯ ಪುಟ್ಟ ಮನೆ. ಕೆಳಗೆ ಪಡಸಾಲೆ, ಅಡುಗೆಮನೆ, ಹಿಂದೆ ಬಚ್ಚಲು, ಮೇಲೆ ಒಂದು ಕೋಣೆ. ಬೆಲ್ಲದ ವ್ಯಾಪಾರಿಯೊಬ್ಬ ಮೂಡಲಗಿ ರಸ್ತೆಯಲ್ಲಿ ದೊಡ್ಡ ಮನೆ ಕಟ್ಟಿಸಿಕೊಂಡು ಇದನ್ನು ಮಾರುತ್ತಿದ್ದ. ಅಡುಗೆಮನೆಯ ಕಿಟಕಿಯಿಂದ ಬಿಸಿಲು ನೇರವಾಗಿ ಒಲೆಕಟ್ಟೆಗೆ ಬೀಳುವುದನ್ನು ಕಂಡದ್ದೇ ತಡ, ನಾನು ಮನಸ್ಸಿನಲ್ಲೇ ಅಲ್ಲಿ ಒಗ್ಗರಣೆ ಹಾಕಿಬಿಟ್ಟೆ. ಒಗ್ಗರಣೆಯ ವಾಸನೆ ಕೂಡ ಬಂತು. ಇನ್ನು ನನ್ನ ಕಣ್ಣನ್ನು ನಂಬಬಾರದು ಎಂದು ಆಗಲೇ ಗೊತ್ತಾಯಿತು. ಬೇರೆ ಯಾರಾದರೂ ನೋಡಿ ಇದರ ಯೋಗ್ಯತೆ ಏನು, ಬೆಲೆ ಎಷ್ಟು ಎಂದು ಹೇಳಬೇಕಿತ್ತು.

ಇಲ್ಲಿ ನಮ್ಮ ಸೀಮೆಯ ಒಂದು ಪದ್ಧತಿ ಹೇಳಲೇಬೇಕು. ಯಾರ ಮನೆಯಲ್ಲಿ ಚಹಾ ಕುಡಿದೆವೋ ಆ ಮನೆಯ ಕುಂದು ಎತ್ತಿ ಆಡುವಂತಿಲ್ಲ. ಹೊಸ್ತಿಲು ದಾಟಿದವರಿಗೆ ಚಹಾ ಕೊಡದೆ ಕಳಿಸುವುದಿಲ್ಲ, ಕೊಟ್ಟ ಚಹಾ ಬೇಡ ಅನ್ನುವುದೂ ಇಲ್ಲ. "ಸಕ್ಕರಿ ಕಾಯಿಲೆ ಐತ್ರಿ" ಎಂದರೆ "ಕಡಿಮಿ ಹಾಕೇವ್ರಿ" ಎನ್ನುತ್ತಾರೆ. "ಈಗ ಕುಡದ ಬಂದೇನ್ರಿ" ಎಂದರೆ "ಅರ್ಧಾ ಕಪ್ಪರ ಆಗಲ್ರಿ" ಎನ್ನುತ್ತಾರೆ. ಹೀಗಾಗಿ ಮನೆ ಪರೀಕ್ಷೆ ಮಾಡಲು ಬಂದವನು ಮೊದಲು ಕುಳಿತು ಚಹಾ ಕುಡಿಯುತ್ತಾನೆ, ಆಮೇಲೆ ಗೋಡೆ ಮೈಮೇಲೆ ಬಿದ್ದರೂ ಛಲೋ ಐತಿ ಎನ್ನುತ್ತಾನೆ. ಗೋಕಾಕದಲ್ಲಿ ಚಹಾದ ಜೊತೆ ಕರದಂಟು ಬೇರೆ ಕೊಡುತ್ತಾರೆ. ಅಂಟು, ಬೆಲ್ಲ, ಒಣಹಣ್ಣಿನ ಆ ತುಂಡು ಹಲ್ಲಿಗೆ ಕಚ್ಚಿಕೊಂಡರೆ ಮಾತೇ ಹೊರಡುವುದಿಲ್ಲ, ಸುಮ್ಮನೆ ತಲೆಯಾಡಿಸಬೇಕು. ತಲೆಯಾಡಿಸಿದ್ದನ್ನು ಮಾರುವವರು ಒಪ್ಪಿಗೆ ಎಂದು ಹಿಡಿದುಕೊಳ್ಳುತ್ತಾರೆ.

ಮೊದಲು ಅಣ್ಣ ಕರೆತಂದದ್ದು ಕಾಕಾನನ್ನು, ನಮ್ಮ ಅಪ್ಪನ ಚಿಕ್ಕಪ್ಪನ ಮಗ. ಎತ್ತು ಕೊಳ್ಳುವವರು ಇವತ್ತಿಗೂ ನಾಗನೂರದಿಂದ ಅವನನ್ನು ಕರೆಯಲು ಬರುತ್ತಾರೆ. ಬಾಯಿ ತೆರೆದು ಹಲ್ಲು ನೋಡಿ, ಬೆನ್ನು ಸವರಿ, ಎರಡು ಹೆಜ್ಜೆ ನಡೆಸಿ, ಈ ಎತ್ತು ಎಷ್ಟು ವರ್ಷ ದುಡಿದೀತು ಎಂದು ಹೇಳುತ್ತಾನೆ. "ಎತ್ತ ನೋಡಿದಾಂವಗ ಮನಿ ನೋಡೂದೇನ ದೊಡ್ಡದು" ಎಂದ ಅಣ್ಣ. ಮನೆಯನ್ನು ನಡೆಸಿ ನೋಡಲು ಬರುವುದಿಲ್ಲ ಎಂಬ ಒಂದು ಅಡಚಣೆ ಬಿಟ್ಟರೆ ನನಗೂ ತಕರಾರಿರಲಿಲ್ಲ.

ಕಾಕಾ ಬಂದ, ತಲೆಯ ಪಟಕ ಸರಿಮಾಡಿಕೊಂಡು ಕುರ್ಚಿಯಲ್ಲಿ ಕುಳಿತ, ವ್ಯಾಪಾರಿಯ ಹೆಂಡತಿ ತಂದ ಚಹಾವನ್ನು ಬಸಿಗೆ ಸುರುವಿಕೊಂಡು ಸೊರ್ ಎಂದು ಕುಡಿದ, ಎರಡು ತುಂಡು ಕರದಂಟು ಬಾಯಿಗೆ ಹಾಕಿಕೊಂಡ. ಆಮೇಲೆ ಎದ್ದು ಗೋಡೆಯ ಪಕ್ಕೆ ತಟ್ಟಿದ. ಅಭ್ಯಾಸ ಬಲ, "ಹೋ, ಹೋ" ಎಂದ. ಕೈ ಮೂಸಿ ನೋಡಿಕೊಂಡ. ಒಂದು ಗಳಿಗೆ ಅವನ ಹುಬ್ಬು ಗಂಟಾಯಿತು. ಅಷ್ಟರಲ್ಲಿ ವ್ಯಾಪಾರಿ, "ಹೆಂಗನಸ್ತೈತ್ರಿ ಹಿರ್ಯಾರ?" ಎಂದ. ಕಾಕಾ ತಲೆಯಾಡಿಸಿದ.

ಹೊರಗೆ ಬಂದು ಬಸ್‌ ಸ್ಟ್ಯಾಂಡಿನ ದಾರಿಯಲ್ಲಿ ನಾನು ಹಿಡಿದುಕೊಂಡೆ. "ಕಾಕಾ, ಕೈ ಮೂಸಿದ್ಯಲ್ಲ, ಏನ ಅನಸ್ತು? ಖರೆ ಹೇಳು."

"ಈಗ ಹೆಂಗ ಹೇಳ್ಲಿಬೇ? ಅವರ ಚಹಾ ಇನ್ನs ಹೊಟ್ಟ್ಯಾಗ ಐತಿ."

"ಹಂಗಾರ ನಾಳೆ ಹೇಳು!"

"ನಾಳೆ ಹೇಳಿದ್ರ ಹಿಂದಿಂದ ಆಡ್ಕೊಂಡಂಗ ಆಗತೈತಿ. ಅದು ಇನ್ನೂ ಕೆಟ್ಟದ್ದು." ಹೀಗೆಂದು ಅವನು ನಿಶ್ಚಿಂತೆಯಿಂದ ಹಲ್ಲಿನ ಸಂದಿಯ ಕರದಂಟು ತೆಗೆಯತೊಡಗಿದ. ನನಗೆ ಅವನ ಪಟಕ ಕಿತ್ತು ಗಟಾರಕ್ಕೆ ಒಗೆಯುವಷ್ಟು ಸಿಟ್ಟು ಬಂತು.

ಎರಡನೆಯವನನ್ನು ನಾನು ಆರಿಸಲಿಲ್ಲ, ಸಾಲ ಕೊಡುವವರು ಕಳಿಸಿದರು. ಓದಿದವನು, ಮನೆಗಳ ಮೌಲ್ಯಮಾಪನವೇ ಅವನ ಉದ್ಯೋಗ. ಇವನಾದರೂ ಸರಿಯಾಗಿ ನೋಡುತ್ತಾನೆ ಎಂದು ರಜೆ ಹಾಕಿ ಕಾದು ನಿಂತೆ. ಕಾರು ಓಣಿಗೆ ಬಂತು, ಗಾಜು ಇಳಿಯಿತು, ಮೊಬೈಲ್ ಹಿಡಿದ ಒಂದು ಕೈ ಹೊರಬಂತು. ಕೈ ಬಿಟ್ಟರೆ ಅವನ ಬೇರಾವ ಅಂಗವೂ ಹೊರಗೆ ಬರಲಿಲ್ಲ. ಚಹಾ ಕೂಡ ಕಿಟಕಿಯಿಂದಲೇ ಒಳಗೆ ಹೋಯಿತು. ಅವನು ಫೋಟೋ ತೆಗೆದದ್ದು ಎದುರು ಮನೆಯದು, ಮುಂದೆ ಕಟ್ಟಿದ ಎಮ್ಮೆ ಸಮೇತ.

"ಸರ್, ಮನಿ ಈ ಕಡೆ ಐತ್ರಿ" ಎಂದೆ.

"ಹೌದ್ರ್ಯಾ?" ಎಂದು ಇನ್ನೊಂದು ಫೋಟೋ ಹೊಡೆದ.

"ಒಳಗ ಬಂದು ಗ್ವಾಡಿ, ಮಾಳಗಿ ನೋಡಂಗಿಲ್ಲೇನ್ರಿ?"

"ಗ್ವಾಡಿ ಕಾಣಾಕತ್ತಾವಲ್ರಿ. ನೀವೇನೂ ಟೆನ್ಷನ್ ತಗೋಬ್ಯಾಡ್ರಿ ಟೀಚರ್, ನಿಮಗ ಸಾಲ ಎಷ್ಟ ಬೇಕೋ ಅಷ್ಟಕ್ಕ ಮನಿ ಬೆಲಿ ಕೂಡಸ್ತೇನಿ."

ಎಲ್ಲರಿಗೂ ಖುಷಿ. ಅಣ್ಣ ಪೇಢೆ ತರಿಸಿದ. ನಾನು ಬಣ್ಣ ಅರ್ಧ ಹಚ್ಚಿದ ಕೋಣೆಯಲ್ಲಿ ಕುಳಿತು ಯೋಚಿಸಿದೆ. ವ್ಯಾಪಾರಿಗೆ ಮನೆ ಮಾರಬೇಕು, ಸಾಲದವರಿಗೆ ಸಾಲ ಕೊಡಬೇಕು, ಅಣ್ಣನಿಗೆ ಕೋಣೆ ಬೇಕು, ಕಾಕಾನಿಗೆ ಮರ್ಯಾದೆ ಬೇಕು. ಆ ಮನೆ ಗಟ್ಟಿ ಇದೆಯೋ ಇಲ್ಲವೋ ಎಂದು ತಿಳಿಯಬೇಕಾದವಳು ನಾನೊಬ್ಬಳೇ. ಹೆದರಿಕೆಯಾಯಿತು. ಎಲ್ಲರೂ ನನ್ನ ಒಳ್ಳೆಯದನ್ನೇ ಬಯಸುತ್ತ ನನ್ನನ್ನು ಹಳ್ಳಕ್ಕೆ ನೂಕುತ್ತಾರೆ ಎನ್ನಿಸಿತು.

ಅದೇ ವಾರ ಕುಲಗೋಡದ ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿನ ಇಬ್ಬರು ಯಾರನ್ನೋ ಬಾಯಿತುಂಬ ಬೈಯುತ್ತಿದ್ದರು. ಒಬ್ಬ ಮನೆ, ಹೊಲದ ದಲ್ಲಾಳಿ. ಇನ್ನೊಬ್ಬ ಮನೆ ಮಾರಲು ಹೊರಟು ಸೋತವನು.

"ಅವನ ಬಾಯಾಗ ಹುಳಾ ಬೀಳ್ಲಿ. ನನ್ನ ಎಷ್ಟ ಸೌದಾ ಮುರದಾನ ಗೊತ್ತೈತೇನ?" ಎಂದ ದಲ್ಲಾಳಿ.

"ನಮ್ಮ ಮನಿಗೆ ಬಂದು ನೆಲದ ಮ್ಯಾಲ ನೀರ ಸುರುವಿದ್ನೋ ಮಾರಾಯಾ! ನೀರ ದೇವರ ಖೋಲಿ ಕಡೆ ಹರೀತು, ನೆಲಾ ವಾರಿ ಐತಿ, ಸಮಾ ಇಲ್ಲ ಅಂತ ಕೊಳ್ಳವ್ರ ಮುಂದ ಹೇಳೇಬಿಟ್ಟ. ಚಹಾ ಕೊಟ್ರ ಸುದ್ದಾ ಮುಟ್ಟಲಿಲ್ಲ. ಎಂಥಾ ಮನುಷ್ಯಾ ಅಂವ?"

ನನ್ನ ಕಿವಿ ನೆಟ್ಟಗಾದವು. ಮಾರುವವನೂ ಬೈಯುವ, ದಲ್ಲಾಳಿಯೂ ಬೈಯುವ ಮೌಲ್ಯಮಾಪಕ! ಇಷ್ಟು ದಿನ ನಾನು ಹುಡುಕುತ್ತಿದ್ದ ಗಂಡಸು ಇವನೇ. ತಿರುಗಿ ಕುಳಿತು, "ಯಾರ್ರಿ ಅಂವ? ಎಲ್ಲಿರ್ತಾನ?" ಎಂದು ಕೇಳಿದೆ.

"ಹುಕ್ಕೇರ್ಯಾಗ ಆಫೀಸ್ ಇಟ್ಟಾನ್ರಿ ಟೀಚರ್. ಮೂಲ ಘೋಡಗೇರಿಯವ. ಹಗಲೆಲ್ಲಾ ಮಂದಿ ಮನಿಗೆ ಹೆಸರಿಟ್ಟು ಕುಂದು ತಗಿಯೂದs ಅವನ ಧಂದೆ."

ಘೋಡಗೇರಿ ಎಂದದ್ದೇ ನನಗೆ ಮುಂದೆ ಏನೂ ಕೇಳಬೇಕಾಗಲಿಲ್ಲ. ಒಂದೇ ಊರಿನಲ್ಲಿ ಅಂಥವರು ಇಬ್ಬರು ಹುಟ್ಟಲು ಸಾಧ್ಯವಿಲ್ಲ. ಅವನು ನನ್ನ ಗಂಡನಾಗಿದ್ದವನು.

ಅವನು ನಮ್ಮ ಮನೆಗೆ ಹೆಣ್ಣು ನೋಡಲು ಬಂದ ದಿನವೇ, ಹಿರಿಯರೆಲ್ಲ ಸಾಲಾಗಿ ಕುಳಿತಿರುವಾಗ, ನಾನು ಕೊಟ್ಟ ಚಹಾ ಒಂದು ಗುಟುಕು ಕುಡಿದು "ಸಕ್ಕರಿ ಹೆಚ್ಚಾಗೇತಿ" ಎಂದಿದ್ದ. ಎಲ್ಲರೂ ಗರ ಬಡಿದವರ ಹಾಗೆ ಕುಳಿತರು. ಅಪ್ಪನಿಗೆ ಮಾತ್ರ ಎಲ್ಲಿಲ್ಲದ ಸಂತೋಷ. "ಹುಡುಗ ಖರೆ ಮಾತಾಡ್ತಾನ, ಹೊಟ್ಟ್ಯಾಗೊಂದು ಬಾಯಾಗೊಂದು ಇಲ್ಲ" ಎಂದು ಲಗ್ನ ಮಾಡಿಕೊಟ್ಟ. ಆ ಖರೆ ಮಾತನ್ನು ನಾಲ್ಕು ವರ್ಷ ಉಂಡವಳು ನಾನು. ರೊಟ್ಟಿಯ ಅಂಚು ದಪ್ಪ. ರಂಗೋಲಿಯ ಎಳೆ ಸೊಟ್ಟ. ನಕ್ಕರೆ ಸದ್ದು ಜಾಸ್ತಿ, ನಡೆದರೆ ಹೆಜ್ಜೆ ಭಾರ. ಒಮ್ಮೆ ನನಗೆ ಚಳಿಜ್ವರ ಬಂದಾಗ, "ಕಬ್ಬ ಕಡಿಯೂ ಹೊತ್ತಿನ್ಯಾಗ ಬರಬೇಕೇನ ಇದು" ಎಂದ. ಜ್ವರಕ್ಕೂ ಹೆಸರಿಟ್ಟ ಗಂಡ! ಕೊನೆಗೊಂದು ದಿನ ಟ್ರಂಕು ಹೊತ್ತು ಬಂದುಬಿಟ್ಟೆ. ಪಂಚರು ಕೂಡಿದಾಗ, "ಕುಡಿತಾನೇನ? ಹೊಡಿತಾನೇನ? ಮತ್ತೊಬ್ಬಾಕಿನ್ನ ಇಟ್ಕೊಂಡಾನೇನ?" ಎಂದು ಕೇಳಿದರು. ಇಲ್ಲ ಎಂದೆ. "ಮತ್ತೇನ?" ಎಂದರು. "ಹೆಸರಿಡತಾನ" ಎಂದೆ. ಎಲ್ಲರೂ ನಕ್ಕರು. ಆ ನಗು ನೆನಪಾದರೆ ಈಗಲೂ ಮೈ ಉರಿಯುತ್ತದೆ. ಸೋಡಚೀಟಿ ಬರೆದು ಸಂಬಂಧ ಕಡಿದು, ಅವನು ಬೇರೆ ಮದುವೆಯಾಗಿ, ಎಲ್ಲವೂ ಹಳೆಯದಾಯಿತು.

ಎರಡು ದಿನ ನನ್ನೊಳಗೇ ಜಗಳ ನಡೆಯಿತು. ಕೊನೆಗೆ ನಾನು ಹೀಗೆ ಲೆಕ್ಕ ಹಾಕಿದೆ: ನಾಲ್ಕು ವರ್ಷ ಪುಕ್ಕಟೆ ಸಿಕ್ಕಾಗ ಅತ್ತೆನಲ್ಲ, ಅದೇ ಸರಕು ಈಗ ಒಂದು ದಿನ ಫೀ ಕೊಟ್ಟು ಬಳಸಿಕೊಂಡರೆ ಏನು ಹೋಗುತ್ತದೆ? ನನ್ನ ಮೇಲೆ ಬಿಟ್ಟ ಆ ನಾಯಿಯನ್ನು ಈಗ ಮನೆಯ ಮೇಲೆ ಬಿಡಬೇಕು.

ಅಣ್ಣನಿಗೆ ಹೇಳಿದಾಗ ಅವನ ಕೈಯ ರೊಟ್ಟಿ ತಾಟಿಗೆ ಬಿತ್ತು. "ನಿನಗ ತಲಿ ಕೆಟ್ಟೈತೇನ? ಊರಾಗ ಹೆಂಗ ಮಾರಿ ತೋರಸ್ಲಿ?"

"ನೀ ಮಾರಿ ತೋರಸಬ್ಯಾಡ. ಅಂವ ಮನಿ ನೋಡಿದ್ರ ಸಾಕು."

ವೈನಿ ಒಳಗೆ ಹೋಗಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. "ಮತ್ತೊಮ್ಮೆ ನೋಡಾಕ ಬರೂದಂದ್ರ ಸಣ್ಣ ಮಾತೇನಬೇ" ಎಂದಳು. ಆವತ್ತು ಮೊದಲ ಸಲ ಅವಳ ಮೇಲೆ ಪ್ರೀತಿ ಬಂತು.

ಹುಕ್ಕೇರಿಯಲ್ಲಿ ಅವನ ಆಫೀಸು ಸಿಮೆಂಟಿನ ಅಂಗಡಿಯೊಂದರ ಅಟ್ಟದ ಮೇಲೆ. ಮೆಟ್ಟಿಲು ಹತ್ತುವಾಗ ಎರಡು ಸಲ ಸೆರಗು ಸರಿಮಾಡಿಕೊಂಡೆ, ಅದಕ್ಕೆ ನನಗೇ ಸಿಟ್ಟು ಬಂತು. ಕೂದಲು ಬೆಳ್ಳಗಾಗಿತ್ತು, ಕನ್ನಡಕ ಬಂದಿತ್ತು. ಅವನು ತಲೆಯೆತ್ತಿ ನನ್ನನ್ನು ನೋಡಿದ. ಗುರುತು ಹತ್ತಿತು ಎಂದು ತಿಳಿಯಿತು. ನಾನು ಇಷ್ಟು ವರ್ಷದ ಮೇಲೆ ಅವನ ಬಾಯಿಂದ ಬರುವ ಮೊದಲ ಮಾತಿಗೆ ಕಾದೆ.

"ಸೀರಿಗೆ ಬಸ್ಸಿನ ಗ್ರೀಸ್ ಹತ್ತೇತಿ" ಎಂದ.

ನನಗೆ ನಗು ತಡೆಯಲಾಗಲಿಲ್ಲ. ಸರಿಯಾದ ಜಾಗಕ್ಕೇ ಬಂದಿದ್ದೆ.

"ಮನಿ ತಗೊಳ್ಳಾಕತ್ತೇನಿ. ನೀವು ನೋಡಬೇಕು" ಎಂದೆ. ಮನೆ ಎಲ್ಲಿ, ಯಾರದು ಎಂದು ಕೇಳಿಕೊಂಡ. ಕುಂದರ್ರಿ ಎಂದು ಹೇಳಿದ್ದು ಆಮೇಲೆ.

"ಫೀ ಪೂರಾ ಆಗತೈತ್ರಿ. ಸಂಬಂಧಿಕರಿಗೆ ಅಂತ ನಾ ಕಡಿಮಿ ಮಾಡಂಗಿಲ್ಲ."

"ನಾ ಸಂಬಂಧಿಕಳಲ್ಲ."

"ಅದಕ್ಕs ಪೂರಾ" ಎಂದ. ಕನ್ನಡಕ ಒರೆಸಿಕೊಳ್ಳುತ್ತ, "ಇಷ್ಟ ಮಂದಿ ಇದ್ದಾಗ ನನ್ನ ಕಡೆ ಯಾಕ ಬಂದ್ರಿ?" ಎಂದು ಕೇಳಿದ.

"ನಿಮ್ಮಷ್ಟು ಕೆಟ್ಟ ಬಾಯಿ ಗೋಕಾಕದಾಗ ಸಿಗಲಿಲ್ಲ" ಎಂದೆ. ಅವನು ಅದಕ್ಕೆ ಬೇಸರ ಮಾಡಿಕೊಳ್ಳಲಿಲ್ಲ, ತಲೆದೂಗಿದ.

ಮನೆ ನೋಡುವ ದಿನ ಅಣ್ಣನೂ ಬಂದ. ಬರುವುದಿಲ್ಲ ಎಂದು ವಾರಗಟ್ಟಲೆ ಹೇಳಿ ಎಲ್ಲರಿಗಿಂತ ಮೊದಲು ಬಂದು ನಿಂತಿದ್ದ. ವ್ಯಾಪಾರಿ ನನ್ನ ಹಳೆಯ ಗಂಡನ ಕಡೆ ಕೈಮಾಡಿ, "ಇವರು ಯಾರ್ರಿ?" ಎಂದು ಕೇಳಿದಾಗ ಅಣ್ಣನ ಮುಖ ಬದನೆಕಾಯಿಯಾಯಿತು. "ಇವರು... ನಮ್ಮ... ಹುಕ್ಕೇರಿಯವರು" ಎಂದ. ಅಷ್ಟರಲ್ಲಿ ಚಹಾ, ಕರದಂಟಿನ ತಾಟು ಬಂತು.

"ಬ್ಯಾಡ್ರಿ" ಎಂದ ಅವನು.

ನಮ್ಮ ಕಡೆ ಹೊಲದ ಬದುವಿನ ಜಗಳದಲ್ಲಿ ಬಡಿದಾಡಿದವರೂ ಹೀಗೆ ನೇರವಾಗಿ ಬೇಡ ಅನ್ನುವುದಿಲ್ಲ. ವ್ಯಾಪಾರಿ ಮುಖ ಸಣ್ಣ ಮಾಡಿಕೊಂಡು, "ಯಾಕ್ರಿ, ನಮ್ಮ ಮನಿ ಚಹಾ ನಡಿಯಂಗಿಲ್ಲೇನ?" ಎಂದ.

"ಚಹಾ ನಡಿತೈತ್ರಿ. ಕುಡದ್ರ ನನ್ನ ಕೆಲಸ ನಡಿಯಂಗಿಲ್ಲ."

ಅಣ್ಣ ಅವಮಾನ ತಾಳಲಾರದೆ ಎರಡೂ ಕಪ್ಪು ತಾನೇ ಕುಡಿದ.

ಆಮೇಲೆ ಶುರುವಾಯಿತು. ಬಾಟಲಿಯಿಂದ ನೆಲಕ್ಕೆ ನೀರು ಸುರಿದು ಬಗ್ಗಿ ನೋಡಿದ. ಬೆರಳ ಗಂಟಿನಿಂದ ಗೋಡೆಗಳನ್ನು ಬಡಿದು ಕಿವಿಗೊಟ್ಟ. ಕಿಟಕಿಗಳನ್ನು ತೆಗೆದು ಹಾಕಿ ಮಾಡಿದ. ಮಾಳಿಗೆ ಹತ್ತಿ ಇಳಿದ. ಬಾಯಿ ಸುಮ್ಮನಿರಲಿಲ್ಲ: ಚೌಕಟ್ಟಿಗೆ ಹುಳ, ನಳಕ್ಕೆ ತುಕ್ಕು, ಕೆಲಸ ಮಾಡಿದ ಗೌಂಡಿಗೆ ಕಣ್ಣಿಲ್ಲ. ಪ್ರತಿ ಮಾತಿಗೂ ವ್ಯಾಪಾರಿ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದ. ಯಾವ ನಾಲಗೆಗೆ ಹೆದರಿ ನಾನು ಒಂದು ಕಾಲದಲ್ಲಿ ಅಡುಗೆಮನೆಯ ಮೂಲೆಯಲ್ಲಿ ಕುಳಿತು ಅಳುತ್ತಿದ್ದೆನೋ ಅದೇ ನಾಲಗೆ ಈಗ ನನ್ನ ಪರವಾಗಿ ದುಡಿಯುತ್ತಿತ್ತು. ಸುಳ್ಳೇಕೆ ಹೇಳಲಿ, ಭಾರಿ ಮಜಾ ಬಂತು.

ಪಡಸಾಲೆಯ ನಡುವೆ ನಿಂತು ಅವನು ಗೋಡೆಯ ಮೇಲ್ಭಾಗ ನೋಡಿದ. "ಈ ಬಟನ್ ಎಲ್ಲಾ ಇಷ್ಟ ಮ್ಯಾಲ ಯಾಕ ಅದಾವ?"

ಹೌದಲ್ಲ! ದೀಪ, ಫ್ಯಾನಿನ ಬಟನ್ನುಗಳೆಲ್ಲ ನನ್ನ ತಲೆಗಿಂತ ಎತ್ತರದಲ್ಲಿದ್ದವು. ಬಂದಾಗಲೆಲ್ಲ ನಾನೇ ತುದಿಗಾಲಲ್ಲಿ ನಿಂತು ಒತ್ತಿದ್ದೆ, ಯಾಕೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

"ಸಣ್ಣ ಹುಡುಗ್ರು ಮುಟ್ಟಬಾರದಂತ ಮಾಡ್ಸಿದ್ದೆವ್ರಿ" ಎಂದ ವ್ಯಾಪಾರಿ.

"ಎಷ್ಟ ಎತ್ತರ ಅದಾರ್ರಿ ನಿಮ್ಮ ಹುಡುಗ್ರು?" ಎನ್ನುತ್ತ ಅವನು ಮೆಟ್ಟಿಲ ಕೆಳಗಿನ ಮೂಲೆಗೆ ಹೋಗಿ ಕುಕ್ಕರುಗಾಲಲ್ಲಿ ಕುಳಿತು, ಕೀಲಿಯ ತುದಿಯಿಂದ ಗೋಡೆ ಕೆರೆದ. ಬಣ್ಣದ ಪದರು ಉದುರಿತು. ಸೊಂಟದ ಎತ್ತರಕ್ಕೆ ಗೋಡೆಯ ಮೇಲೆ ಒಂದು ಗೆರೆ. ಅದರ ಕೆಳಗಿನ ಗಿಲಾವು ಬೆಲ್ಲದ ಪುಡಿಯ ಹಾಗೆ ಬೆರಳಿಗೆ ಬಂತು. "ಇಲ್ಲೀತನಾ ಹೊಳಿ ನೀರ ಬಂದಿತ್ತು" ಎಂದ.

"ಒಂದs ಸಲ ಬಂದಿತ್ರಿ! ಊರಿಗೆಲ್ಲಾ ಬಂದಿತ್ತು, ನಮ್ಮ ಮನಿಗೊಂದಕ್ಕs ಬಂದಿತ್ತೇನ?" ವ್ಯಾಪಾರಿಯ ದನಿ ಏರಿತು.

ನಾನು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಮನಸ್ಸಿನಲ್ಲಿ ಒಗ್ಗರಣೆ ಹಾಕಿದ್ದ ಒಲೆಕಟ್ಟೆಯ ಮೇಲೆ ಘಟಪ್ರಭೆ ಹರಿಯುತ್ತಿದ್ದಳು. ಹೋಯಿತು, ಇದೂ ನನ್ನದಲ್ಲ ಎಂದುಕೊಂಡೆ. "ಹಂಗಾರ ತಗೋಬಾರದಾ?" ಎಂದು ಕೇಳಿದೆ.

ಅವನು ಎದ್ದು ಕೈ ಜಾಡಿಸಿದ. "ಹಂಗ ಯಾರಂದ್ರು? ಕಲ್ಲಿನ ಪಾಯಾ ಐತಿ, ಅಷ್ಟ ನೀರಿಗೂ ಜಗ್ಗಿಲ್ಲ. ಮ್ಯಾಲ ಹತ್ತೂ ಪಾವಟಿಗಿ ಮನಿ ಒಳಗs ಅದಾವ. ಹೊಳಿ ಬಂದ್ರ ಸಾಮಾನ ತಗೊಂಡ ಮ್ಯಾಲಿನ ಖೋಲ್ಯಾಗ ಕುಂದ್ರಬೇಕು, ಇಳದ ಮ್ಯಾಲ ನೆಲಾ ತೊಳಿಬೇಕು. ಇವರು ಹೇಳಿದ ಬೆಲಿಗೆ ತಗೊಂಡವ್ರು ಹುಚ್ಚರು. ನಾಲ್ಕರಾಗ ಒಂದ ಪಾಲು ಕಡದು ತಗೊಂಡ್ರ ಶ್ಯಾಣ್ಯಾರು."

ಇಲ್ಲಿ ಒಂದು ಪವಾಡ ನಡೆಯಿತು. ಎರಡು ಕಪ್ಪು ಚಹಾ ಕುಡಿದ ನಮ್ಮ ಅಣ್ಣ ಎದ್ದು ನಿಂತು, "ಹೊಳಿ ಬಂದ ಮನಿಗೆ ಬಣ್ಣಾ ಹಚ್ಚಿ ನಮ್ಮ ತಂಗಿಗೆ ಮಾರತೀರೇನ?" ಎಂದು ಗುಡುಗಿದ. ವ್ಯಾಪಾರಿ ತಿರುಗಿ ಗುಡುಗಿದ. ಇಬ್ಬರೂ ತೋಳು ಏರಿಸಿಕೊಂಡು ಬೆಲೆಯ ಮೇಲೆ ಜಗಳಕ್ಕೆ ಬಿದ್ದರು. ಆ ಗದ್ದಲ ಕಿವಿಯ ಮೇಲೆ ಹಾಕಿಕೊಳ್ಳದೆ ಅವನು ಹಿತ್ತಲ ಕಡೆ ನಡೆದ. ಇನ್ನೂ ಬಚ್ಚಲು ಉಳಿದಿತ್ತು. ನಾನೂ ಹಿಂದೆ ಹೋದೆ.

ಬಚ್ಚಲ ಬಾಗಿಲನ್ನು ದೂಡಿದ, ಎಳೆದ, ಮತ್ತೆ ದೂಡಿದ. "ಮನ್ಯಾಗ ಯಾರ್‍ಯಾರು ಇರವ್ರು?" ಎಂದ.

"ನಾನೊಬ್ಬಾಕಿ."

ಅವನು ತಿರುಗಿ ನನ್ನನ್ನು ನೋಡಲಿಲ್ಲ. "ಈ ಬಾಗಲಾ ಒಳಗ ತಗಿತೈತಿ. ತಿರವಿ ಹೊರಗ ತಗಿಯೋ ಹಂಗ ಕೂಡಸ್ರಿ."

"ಎಲ್ಲಾರ ಬಚ್ಚಲ ಬಾಗಲಾನೂ ಒಳಗs ತಗಿತಾವ. ಇದರಾಗೇನ ಹುಳುಕ?"

"ಕಾಲ ಜಾರಿ ಬಿದ್ರ ಮೈ ಬಾಗಲಕ್ಕ ಅಡ್ಡ ಆಗತೈತಿ. ಒಳಗಿದ್ದವ್ರಿಗೆ ಏಳಾಕ ಬರಂಗಿಲ್ಲ, ಹೊರಗಿದ್ದವ್ರಿಗೆ ತಗಿಯಾಕ ಬರಂಗಿಲ್ಲ." ಬಾಗಿಲ ಚಿಲಕ ಹಾಕಿ ತೆಗೆದ. "ನಮ್ಮ ಅವ್ವ ಹಂಗs ಹೋದ್ಲು. ನಾ ಹೊರಗ ನಿಂತು ದೂಡಾಕತ್ತಿದ್ದೆ. ದೂಡಿದಂಗೆಲ್ಲಾ ಬಾಗಲಾ ಅಕೀ ತಲಿಗೆ ಹತ್ತತಿತ್ತು."

ಅವನ ಅವ್ವ ನನ್ನ ಅತ್ತೆಯಾಗಿದ್ದವಳು. ಆ ಮನೆಯಲ್ಲಿ ನನ್ನ ರೊಟ್ಟಿಗೆ ಹೆಸರಿಡದೆ ಉಂಡವಳು ಅವಳೊಬ್ಬಳೇ. ಅವಳು ತೀರಿಕೊಂಡ ಸುದ್ದಿ ಬಂದಿತ್ತು, ಹೇಗೆ ಎಂದು ಯಾರೂ ಹೇಳಿರಲಿಲ್ಲ. ಗೋಡೆ ಹಿಡಿದುಕೊಂಡು ನಿಂತೆ.

"ಮತ್ತ ಬಾಜೂ ಮನಿಯವ್ರ ಕಡೆ ಒಂದ ಕೀಲಿ ಇಟ್ಟಿರ್ರಿ" ಎಂದ.

ಅದನ್ನು ಕೇಳಿ ಮಾತ್ರ ಸಿಟ್ಟು ನೆತ್ತಿಗೇರಿತು. "ಕೀಲಿ ಯಾರಿಗೂ ಕೊಡಂಗಿಲ್ಲ! ಈ ಒಂದ ಮನಿ ಪೂರಾ ನಂದಾಗಿರ್ಲಿ ಅಂತ ತಗೊಳ್ಳಾಕತ್ತೇನಿ. ಮತ್ತೊಬ್ಬರ ಕೈಯಾಗ ಕೀಲಿ ಕೊಡಾಕ ಅಣ್ಣನ ಮನಿ ಸಾಕಿತ್ತಲ್ಲ!"

"ನಾ ಹೇಳಿದ್ದ ಕೇಳಂಗಿಲ್ಲಂದ್ರ ಫೀ ಯಾಕ ಕೊಟ್ರಿ?" ಎಂದ ಆ ಮನುಷ್ಯ. ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದ. ಬರುತ್ತೇನೆ ಎಂದೂ ಅನ್ನಲಿಲ್ಲ.

ಅವನು ಹೇಳಿದ ಬೆಲೆಗೇ ಮನೆ ನನ್ನದಾಯಿತು. ಅಣ್ಣನ ಮಗನ ಮದುವೆಗೆ ಮುಂಚೆ ಸಾಮಾನು ಸಾಗಿಸಿದೆ. ಗುಲಾಬಿ ಗೋಡೆಯ ಕೋಣೆಯ ಬಾಗಿಲಲ್ಲಿ ನಿಂತು ಅಣ್ಣ ಕೆಮ್ಮಿದ. ಈ ಸಲ ಅದು ಕೆಮ್ಮಾಗಿರಲಿಲ್ಲ, ಅಳುತ್ತಿದ್ದ. ನಾನೂ ಅತ್ತೆ. ಆದರೆ ಗೋಕಾಕಕ್ಕೆ ಬಂದು ನನ್ನ ಹೊಸ್ತಿಲ ಮೇಲೆ ನಿಂತಾಗ ಆದ ಖುಷಿ ಹೇಳತೀರದು. ಇಡೀ ಪಡಸಾಲೆಯಲ್ಲಿ ದಪದಪ ಹೆಜ್ಜೆ ಹಾಕಿಕೊಂಡು ತಿರುಗಿದೆ.

ಬಚ್ಚಲ ಬಾಗಿಲು ಮೊದಲ ವಾರವೇ ತಿರುಗಿಸಿದೆ. "ಬಚ್ಚಲ ಬಾಗಲಾ ಯಾರರ ಹೊರಗ ತಗಿಯೋ ಹಂಗ ಕೂಡಸ್ತಾರೇನ್ರಿ?" ಎಂದು ಬಡಿಗ ಗೊಣಗಿದ. ಕೂಡಿಸು ಎಂದೆ. ಕೀಲಿಯ ಮಾತು ಮಾತ್ರ ಕೇಳಲಿಲ್ಲ. ಎರಡೂ ಕೀಲಿ ನನ್ನ ಸೊಂಟದಲ್ಲೇ ಇದ್ದವು. ಅವನ ಬುದ್ಧಿ ಅವನ ಹತ್ತಿರವೇ ಇರಲಿ ಎಂದುಕೊಂಡಿದ್ದೆ.

ಒಂದು ರವಿವಾರ ಬೆಳಿಗ್ಗೆ ತಲೆಗೆ ಎರೆದುಕೊಳ್ಳುವಾಗ ಸೀಗೆಕಾಯಿ ನೀರಿನ ಮೇಲೆ ಕಾಲು ಜಾರಿತು. ಬೀಳಲಿಲ್ಲ, ನಳ ಹಿಡಿದುಕೊಂಡೆ. ಭುಜ ಉಳುಕಿತು ಅಷ್ಟೆ. ಆದರೆ ಹಾಗೇ ಒದ್ದೆ ನೆಲದ ಮೇಲೆ ಕುಳಿತುಕೊಂಡೆ, ಏಳಲು ಧೈರ್ಯವಾಗಲಿಲ್ಲ. ಬಾಜೂ ಮನೆಯಲ್ಲಿ ಕುಕ್ಕರ್ ಕೂಗುತ್ತಿತ್ತು. ಈಗ ನಾನು ಕೂಗಿದರೆ ಆ ಮನೆಯವರು ಓಡಿ ಬಂದಾರು, ಬಂದು ಹೊರಬಾಗಿಲು ಬಡಿದಾರು, ಬಡಿಯುತ್ತಲೇ ನಿಂತಾರು. ಬಾಗಿಲು ಬಡಿಯುವ ಸದ್ದು ಕೇಳುತ್ತ ಅತ್ತೆ ಏನು ನೆನೆದಿದ್ದಾಳು ಎಂದು ಅನ್ನಿಸಿತು. ಎದ್ದವಳೇ ಸೀರೆ ಸುತ್ತಿಕೊಂಡು, ನೀರು ಸೋರುವ ತಲೆಯಲ್ಲೇ ಬಾಜೂ ಮನೆಗೆ ಹೋಗಿ ನಿಂತೆ.

ಆ ಮನೆಯವಳು ಹಿಟ್ಟಿನ ಗಿರಣಿ ನಡೆಸುವ ಹೆಂಗಸು. ನನಗಿಂತ ಸ್ವಲ್ಪ ಹಿರಿಯಳು, ಹುಬ್ಬಿನ ತುಂಬ ಜೋಳದ ಹಿಟ್ಟು. ಹೋಗಿ ಬರುವಾಗ ನಕ್ಕಿದ್ದು ಬಿಟ್ಟರೆ ಹೆಚ್ಚು ಮಾತಾಡಿರಲಿಲ್ಲ. ಕೀಲಿಯನ್ನು ಅವಳ ಕೈಗೆ ಕೊಟ್ಟು, "ಇದು ನಿಮ್ಮ ಕಡೆ ಇರ್ಲಿ. ಎಲ್ಲ್ಯರ ನಾ ಬಿದ್ದಗಿದ್ದ್ರ..." ಎಂದೆ. ನಾಚಿಕೆಯೂ ಆಯಿತು, ಅಳುವೂ ಬಂತು.

ಅವಳು ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡು ಒಳಗೆ ಹೋದಳು. ತಿರುಗಿ ಬಂದಾಗ ಅವಳ ಹಿಟ್ಟಿನ ಕೈಯಲ್ಲಿ ಅವಳ ಮನೆಯ ಕೀಲಿ ಇತ್ತು. "ಹಂಗಾರ ಇದು ನಿಮ್ಮ ಕಡೆ ಇರ್ಲಿ ಟೀಚರ್. ನಮ್ಮ ಯಜಮಾನ್ರು ಹೋದಾಗಿಂದ ನಾನೂ ಒಬ್ಬಾಕಿನs. ಯಾರಿಗೆ ಕೊಡೂದಂತ ತಿಳೀದs ಸುಮ್ನ ಇಟ್ಕೊಂಡ ಕುಂತಿದ್ದೆ."

ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ. ಅವಳ ಭುಜದಾಚೆಗೆ ಹಿತ್ತಲ ಕಡೆ ಕತ್ತು ಚಾಚಿ ನೋಡುತ್ತ ಕೇಳಿದೆ:

"ನಿಮ್ಮ ಬಚ್ಚಲ ಬಾಗಲಾ ಯಾವ ಕಡೆ ತಗಿತೈತ್ರಿ?"